ಉಳಿಸಿಕೊಂಡವರ ಪಟ್ಟಿ

ಆ ವರ್ಷ ನಮ್ಮ ತಂಡ ಹದಿನಾಲ್ಕು ಆಟ ಆಡಿ ಹನ್ನೆರಡು ಸೋತಿತ್ತು. ತಂಡ ಎಂದರೆ ಅಮೆರಿಕದ ಮಿಲ್ಪಿಟಾಸ್ ಎಂಬ ಊರಿನ ಹತ್ತು ಹನ್ನೊಂದು ವರ್ಷದ ಹನ್ನೆರಡು ಹುಡುಗಿಯರು. ಆಟ ಸಾಫ್ಟ್‌ಬಾಲ್. ಅದು ಬೇಸ್‌ಬಾಲಿನ ತಂಗಿ ಇದ್ದ ಹಾಗೆ. ಚೆಂಡು ಕೊಂಚ ದೊಡ್ಡದು, ಎಸೆಯುವವಳು ಕೈಯನ್ನು ಕೆಳಗಿನಿಂದ ಬೀಸಿ ಎಸೆಯುತ್ತಾಳೆ, ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಒಂದೇ. ಮಂಡ್ಯದ ಕಾಲೇಜಿನಲ್ಲಿ ಕ್ರಿಕೆಟ್ ಆಡಿದ್ದು ಬಿಟ್ಟರೆ ನನಗೆ ಇನ್ಯಾವ ಆಟವೂ ಗೊತ್ತಿರಲಿಲ್ಲ. ಮಗಳು ಸೇರಿಕೊಂಡಳು, ಅಪ್ಪಂದಿರು ಯಾರಾದರೂ ಸಹಾಯಕ್ಕೆ ಬನ್ನಿ ಎಂದರು, ನಾನು ಕೈ ಎತ್ತಿದೆ.

ಮುಖ್ಯ ಕೋಚು ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬ ಅಮೆರಿಕನ್ ಹೆಂಗಸು. ಮನೆಯಲ್ಲಿ ನಾವು ಅವರನ್ನು ಕೋಚಮ್ಮ ಎನ್ನುತ್ತಿದ್ದೆವು. ಇಪ್ಪತ್ತು ವರ್ಷಗಳಿಂದ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಸೋತ ದಿನವೂ ಗೆದ್ದ ದಿನವೂ ಒಂದೇ ಮುಖ.

ನಮ್ಮ ತಂಡದಲ್ಲಿ ನನ್ನ ಮಗಳನ್ನು ಬಿಟ್ಟರೆ ಕನ್ನಡದ ಮನೆಯ ಹುಡುಗಿ ಇನ್ನೊಬ್ಬಳೇ. ಅವಳ ತಂದೆ ಹುಬ್ಬಳ್ಳಿಯವರು. ನಮ್ಮ ಟೌನ್‌ಹೌಸುಗಳ ಸಾಲಿನಲ್ಲೇ ನಾಲ್ಕು ಬಾಗಿಲು ಆಚೆ ಅವರ ಮನೆ. ಸಾಂಟಾ ಕ್ಲಾರಾದ ಹೊಸ ಇಂಟರ್ನೆಟ್ ಕಂಪನಿಯೊಂದರಲ್ಲಿ ಅವರಿಗೆ ಕೆಲಸ. ಅದು ಏನನ್ನು ಮಾರುತ್ತದೆ ಎಂದು ಎರಡು ಸಲ ವಿವರಿಸಿದ್ದರೂ ನನಗೆ ಅರ್ಥವಾಗಿರಲಿಲ್ಲ. ಮನೆಯೊಳಗೆ ಅವರು ಉರ್ದು ಆಡುತ್ತಿದ್ದರು. ನನ್ನನ್ನು ಕಂಡ ಕೂಡಲೇ ಹುಬ್ಬಳ್ಳಿ ಕನ್ನಡಕ್ಕೆ ಹೊರಳುತ್ತಿದ್ದರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ, ಅವರು ನನ್ನನ್ನು ಸರ ಎನ್ನುತ್ತಿದ್ದರು. ಎಷ್ಟು ಹೇಳಿದರೂ ಆ 'ಸರ' ಬಿಡಲಿಲ್ಲ.

ಅವರ ಮಗಳಿಗೆ ಆಟ ಬರುತ್ತಿರಲಿಲ್ಲ. ಇದನ್ನು ಮೃದುವಾಗಿ ಹೇಳುವುದು ನನಗೆ ತಿಳಿಯದು. ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚುತ್ತಿದ್ದಳು. ಇಡೀ ವರ್ಷದಲ್ಲಿ ಅವಳ ಬ್ಯಾಟಿಗೆ ಚೆಂಡು ಸರಿಯಾಗಿ ತಾಗಿದ್ದು ಮೂರು ಸಲ. ಆದ್ದರಿಂದ ಅವಳನ್ನು ಚೆಂಡು ಅಪರೂಪಕ್ಕೆ ಬರುವ ಬಲಬದಿಯ ದೂರದ ಮೂಲೆಯಲ್ಲಿ ನಿಲ್ಲಿಸುತ್ತಿದ್ದೆವು. ಅಲ್ಲಿಂದಲೇ ಪ್ರತಿಯೊಬ್ಬಳ ಹೆಸರು ಹಿಡಿದು ಕೂಗಿ ಹುರಿದುಂಬಿಸುತ್ತಿದ್ದಳು. ಬೆಂಚಿನ ಮೇಲೆ ಕೂತಾಗ ಸ್ಕೋರು ಪುಸ್ತಕ ಅವಳದೇ. ನನಗೆ ಗೊತ್ತಿಲ್ಲದ ನಿಯಮಗಳು ಅವಳಿಗೆ ಗೊತ್ತಿದ್ದವು. ಅಂಪೈರು ಒಂದು ಸಲ ತಪ್ಪು ಹೇಳಿದಾಗ ನನ್ನ ತೋಳು ಜಗ್ಗಿ ಸರಿ ಯಾವುದೆಂದು ಹೇಳಿಕೊಟ್ಟವಳು ಅವಳೇ. ಆಟ ಮುಗಿದ ಮೇಲೆ ತಿಂಡಿ ಕೊಡುವ ಸರದಿ ಅವರ ಮನೆಗೆ ಬಂದಾಗ ಅವಳ ತಾಯಿ, ನನಗೆ ಭಾಬಿ, ಕಾಗದದ ಲೋಟಗಳಲ್ಲಿ ಗಿರ್ಮಿಟ್ ತುಂಬಿಕೊಂಡು ಬರುತ್ತಿದ್ದರು. ಮಂಡಕ್ಕಿ, ಈರುಳ್ಳಿ, ಪುಟಾಣಿ ಹಿಟ್ಟು, ಹುಣಿಸೆಯ ಹುಳಿ; ಆ ಅಮೆರಿಕನ್ ಹುಡುಗಿಯರು ಖಾರಕ್ಕೆ ಉಸ್ ಉಸ್ ಎನ್ನುತ್ತಲೇ ಲೋಟದ ತಳ ನೆಕ್ಕುತ್ತಿದ್ದರು.

ನವೆಂಬರಿನಲ್ಲಿ ಕೋಚಮ್ಮನಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಯಿತು. ಮುಂದಿನ ವರ್ಷ ತಂಡವನ್ನು ನೀವೇ ನೋಡಿಕೊಳ್ಳಿ ಎಂದರು. ನನಗೆ ಒಳಗೊಳಗೇ ಹಿಗ್ಗು. ಆಫೀಸಿನಲ್ಲಿ ನಾನು ಕಂಪ್ಯೂಟರ್ ಚಿಪ್‌ಗಳನ್ನು ಪರೀಕ್ಷೆ ಮಾಡುವ ಎಂಜಿನಿಯರು. ಹನ್ನೊಂದು ವರ್ಷಗಳಲ್ಲಿ ಒಬ್ಬರೂ ನನ್ನನ್ನು ಯಾವುದಕ್ಕೂ ಮುಖ್ಯಸ್ಥ ಮಾಡಿರಲಿಲ್ಲ. ಸುತ್ತಲೂ ನೋಡಿದರೆ ನಿನ್ನೆ ಮೊನ್ನೆ ಬಂದ ಹುಡುಗರು ಕಂಪನಿ ತೆರೆಯುತ್ತಿದ್ದರು, ಡೈರೆಕ್ಟರುಗಳಾಗುತ್ತಿದ್ದರು.

ಅಲ್ಲಿನ ಲೀಗಿನ ಪದ್ಧತಿ ಹೀಗೆ: ಆಟವಿಲ್ಲದ ಚಳಿಗಾಲದಲ್ಲಿ ಪ್ರತಿ ಕೋಚೂ ಹಳೆಯ ತಂಡದಿಂದ ಐದು ಜನರನ್ನು ಮಾತ್ರ ಉಳಿಸಿಕೊಳ್ಳಬಹುದು. ಮಿಕ್ಕವರು ಜನವರಿಯಲ್ಲಿ ಎಲ್ಲ ಕೋಚುಗಳ ಮುಂದೆ ಆಡಿ ತೋರಿಸಬೇಕು. ಆಮೇಲೆ ಕೋಚುಗಳು ಕೂತು ಸರದಿಯ ಮೇಲೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾರೆ. ನನ್ನ ಮಗಳು ಹೇಗೂ ನನ್ನ ತಂಡದಲ್ಲೇ ಇರುತ್ತಾಳೆ. ಹಾಗಾಗಿ ನನ್ನ ಕೈಯಲ್ಲಿದ್ದದ್ದು ನಾಲ್ಕು ಹೆಸರು.

ದಿನಾ ಫ್ರೀವೇಯಲ್ಲಿ ಕಾರು ತೆವಳುವಾಗ ನಾನು ಆಟದ ರೇಡಿಯೋ ಕೇಳುತ್ತಿದ್ದೆ. ಆ ತಿಂಗಳುಗಳಲ್ಲಿ ಅಲ್ಲಿ ಇದೊಂದೇ ಮಾತು. ದೊಡ್ಡ ತಂಡಗಳು ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಹೊಡೆಯುವವನೊಬ್ಬನನ್ನು ಕೊಟ್ಟು ಎಸೆಯುವವರಿಬ್ಬರನ್ನು ತರಬೇಕೇ, ವಯಸ್ಸಾದವನಿಗಾಗಿ ಮನಸ್ಸು ಕರಗಿಸಿಕೊಳ್ಳಬೇಕೇ. ಯಾರೋ ಫೋನು ಮಾಡಿ ಹಳೆಯ ಆಟಗಾರನ ಪರವಾಗಿ ಮಾತಾಡಿದರೆ, 'ಪ್ರೀತಿ ಬೇರೆ, ತಂಡ ಬೇರೆ' ಎಂದು ರೇಡಿಯೋದವನು ನಗುತ್ತಿದ್ದ. ಆ ಮಾತು ನನಗೆ ಗಂಡಸುತನದ ಮಾತಾಗಿ ಕೇಳಿತು.

ಕೋಚಮ್ಮನನ್ನು ನೋಡಲು ಹೋದಾಗ ಸಲಹೆ ಕೇಳಿದೆ. ಮಂಡಿಯ ಮೇಲೆ ಐಸು ಇಟ್ಟುಕೊಂಡು ಅವರು ವಿವರಿಸಿದರು. ಈ ವಯಸ್ಸಿನಲ್ಲಿ ತಂಡ ಸೋಲುವುದು ಎದುರಿನವರ ಹೊಡೆತದಿಂದಲ್ಲ, ನಮ್ಮವರ ಅಡ್ಡಾದಿಡ್ಡಿ ಎಸೆತದಿಂದ. ಆದ್ದರಿಂದ ನೇರ ಎಸೆಯುವವಳೊಬ್ಬಳು ಮೊದಲು ಬೇಕು, ಅದನ್ನು ಬಿಡದೆ ಹಿಡಿಯುವವಳೊಬ್ಬಳು ಬೇಕು. ಆಮೇಲೆ ಮೈದಾನದ ನಡುವೆ ಚುರುಕಾಗಿ ಓಡುವವಳು. ದೊಡ್ಡ ಹೊಡೆತದವಳು ಕೊನೆಗೆ. ಇಷ್ಟನ್ನೂ ನಾನು ಬರೆದುಕೊಂಡೆ.

"ಇನ್ನೊಂದು," ಎಂದರು ಅವರು. "ಹನ್ನೆರಡು ಜನರಲ್ಲಿ ಒಬ್ಬಳಾದರೂ, ಸೋತ ದಿನ ಮಿಕ್ಕವರು ಮತ್ತೆ ಬರುವ ಹಾಗೆ ಮಾಡುವವಳು ಇರಬೇಕು. ಅಂಥವಳು ನಿಮ್ಮ ಹತ್ತಿರ ಆಗಲೇ ಇದ್ದಾಳೆ."

ಯಾರೆಂದು ನಾನು ಕೇಳಲಿಲ್ಲ. ಗೊತ್ತಿತ್ತು. ಅದನ್ನು ಬರೆದುಕೊಳ್ಳಲೂ ಇಲ್ಲ.

ಎಸೆಯುವವಳು, ಹಿಡಿಯುವವಳು, ನಡುವೆ ಓಡುವವಳು, ಮೂರು ಹೆಸರು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಇಬ್ಬರಿದ್ದರು: ಭಾಯಿಯ ಮಗಳು, ಮತ್ತೆ ಎಡಗೈಯಿಂದ ಹೊಡೆಯುತ್ತಿದ್ದ ಒಬ್ಬಳು. ಎಡಗೈಯವಳು ಅಭ್ಯಾಸಕ್ಕೆ ಅರ್ಧ ದಿನ ಬರುತ್ತಿರಲಿಲ್ಲ. ಆದರೆ ಹೊಡೆದರೆ ಚೆಂಡು ಬೇಲಿಗೆ ಹೋಗುತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ಉಳಿಸಿಕೊಂಡವರ ಹೆಸರು ಬರೆಯುವ ಲೀಗಿನ ಫಾರಮ್ಮು ಹರವಿಕೊಂಡು ಕೂತಿದ್ದಾಗ ನನ್ನ ಹೆಂಡತಿ ಬಂದು ಇಣುಕಿದಳು.

"ಏನ್ರೀ, ಅವಳ ಹೆಸರೇ ಇಲ್ವಲ್ಲ?"

"ಆಯ್ಕೆಯಲ್ಲಿ ಕೊನೇ ರೌಂಡಲ್ಲಿ ಹೇಗೂ ಸಿಗ್ತಾಳೆ ಬಿಡು. ಅವಳನ್ನ ಬೇರೆ ಯಾರು ತಗೋತಾರೆ?"

"ಹಾಗಂತ ಅವರಿಗೆ ಹೇಳಿದೀರಾ?"

"ಹೇಳ್ತೀನಿ."

ಹೇಳಲಿಲ್ಲ. ಫಾರಮ್ಮು ಕಳಿಸಿದೆ.

ಅದಾಗಿ ಹತ್ತು ದಿನಕ್ಕೆ ರಂಜಾನ್ ಹಬ್ಬ. ಪ್ರತಿ ವರ್ಷದ ಹಾಗೆ ಅವರ ಮನೆಯಲ್ಲಿ ನಮಗೆ ಊಟ. ಸಸ್ಯಾಹಾರಿಯಾದ ನನ್ನ ಹೆಂಡತಿಗೆಂದು ಭಾಬಿ ಬೇರೆ ಪಾತ್ರೆಯಲ್ಲೇ ಪಲಾವ್ ಮಾಡಿದ್ದರು. ಊಟವಾದ ಮೇಲೆ ಶಾವಿಗೆ, ಹಾಲು, ಖರ್ಜೂರದ ಸುರಕುಂಬಾ ಬಂತು. ಹುಡುಗಿ ಹೊಸ ಬಟ್ಟೆ ಹಾಕಿಕೊಂಡಿದ್ದಳು, ಕೈತುಂಬ ಬಳೆ. ನನಗೆ ಬಟ್ಟಲು ಕೊಡುವ ನೆಪದಲ್ಲಿ ಬಂದು ಪಕ್ಕದಲ್ಲಿ ನಿಂತಳು.

"ಅಂಕಲ್, ಆ್ಯಮ್ ಐ ಆನ್ ದ ಲಿಸ್ಟ್?"

ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷ್ ಬೆರೆಸಿ. ನನ್ನ ಚಮಚ ಬಟ್ಟಲಿನಲ್ಲೇ ನಿಂತಿತು. ಅಡುಗೆಮನೆಯ ಬಾಗಿಲಿನಿಂದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"ಇನ್ನೂ ಯೋಚನೆ ಮಾಡ್ತಾ ಇದೀನಿ ಪುಟ್ಟಾ. ನೋಡೋಣ," ಎಂದೆ.

"ಓಕೆ," ಎಂದಳು. ಆಮೇಲೆ, "ಐ ಆ್ಯಮ್ ಪ್ರ್ಯಾಕ್ಟಿಸಿಂಗ್. ಕಣ್ಣು ಓಪನ್ ಇಟ್ಕೋತೀನಿ," ಎಂದು ಸೇರಿಸಿದಳು.

ನಾನು ಆ ಬಟ್ಟಲು ಖಾಲಿ ಮಾಡಿದೆ. ಚೆನ್ನಾಗಿದೆ ಭಾಬಿ ಎಂದು ಎರಡನೆಯ ಸಲ ಹಾಕಿಸಿಕೊಂಡೆ ಕೂಡ.

ಜನವರಿ ನಡುವಿನ ಒಂದು ಶನಿವಾರ ಬೆಳಿಗ್ಗೆ ಆಡಿ ತೋರಿಸುವ ದಿನ. ಹಿಂದಿನ ವಾರವೆಲ್ಲ ಮಳೆ ಸುರಿದು ಮೈದಾನ ಒದ್ದೆಯಾಗಿತ್ತು. ಮಕ್ಕಳ ಬೆನ್ನಿಗೆ ಕಾಗದದ ನಂಬರು ಸಿಕ್ಕಿಸಿದ್ದರು. ಕೋಚುಗಳೆಲ್ಲ ಮಡಿಸುವ ಕುರ್ಚಿಗಳಲ್ಲಿ ಸಾಲಾಗಿ ಕೂತು, ಹೊಡೆಯುವುದಕ್ಕೆ ಇಷ್ಟು, ಹಿಡಿಯುವುದಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದೆವು. ಭಾಯಿಯ ಮಗಳು ಸಾಲಿನಲ್ಲಿ ನಿಂತು ನನ್ನ ಕಡೆ ನೋಡಿದಳು. ತಾನು ಆ ಸಾಲಿಗೆ ಬರಬೇಕಾಯಿತೆಂದರೆ ಪಟ್ಟಿಯಲ್ಲಿ ತನ್ನ ಹೆಸರಿಲ್ಲ ಎಂದು ಅವಳಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ನಿಯಮಗಳೆಲ್ಲ ಬಾಯಿಪಾಠವಿದ್ದ ಹುಡುಗಿ. ಬೇಲಿಯಾಚೆ ಭಾಯಿ ಕೋಟಿನ ಜೇಬಿಗೆ ಕೈ ಇಳಿಬಿಟ್ಟು ನಿಂತಿದ್ದರು. ನನ್ನನ್ನು ಕಂಡು ನಕ್ಕು ಕೈ ಬೀಸಿದರು.

ಐದು ಚೆಂಡು ಎಸೆದರು. ಐದಕ್ಕೂ ಅವಳು ಕಣ್ಣು ತೆರೆದೇ ಇದ್ದಳು. ದೂರದಿಂದಲೂ ನನಗೆ ಕಾಣುತ್ತಿತ್ತು, ರೆಪ್ಪೆ ಅಲುಗದ ಹಾಗೆ ಕಷ್ಟಪಟ್ಟು ಅಗಲಿಸಿದ ಕಣ್ಣು. ಐದೂ ತಪ್ಪಿದವು. ನನ್ನ ಪಕ್ಕದ ಕೋಚು ತನ್ನ ಹಾಳೆಯ ಮೇಲೆ ಒಂದು ಗೀಟು ಎಳೆದ. ನಾನು ಅಂಕ ಹಾಕಿದೆ. ಎಷ್ಟು ಹಾಕಿದೆ ಎಂದು ನೆನಪಿಲ್ಲ ಎಂದರೆ ಸುಳ್ಳಾಗುತ್ತದೆ. ಸೊನ್ನೆಗೆ ಅವಕಾಶವಿರಲಿಲ್ಲ, ಒಂದು ಹಾಕಿದೆ.

ಅದೇ ಸಂಜೆ ಪಿಜ್ಜಾ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಆಯ್ಕೆ. ಆರು ಜನ ಕೋಚುಗಳು. ನನ್ನ ತಯಾರಿ ನೋಡಿ ಉಳಿದವರು ತಮಾಷೆ ಮಾಡಿದರು. ಮೊದಲ ಸುತ್ತುಗಳಲ್ಲಿ ನನಗೆ ಬೇಕಾದವರೆಲ್ಲ ಸಿಕ್ಕಿದರು. ಕೊನೆಯ ಸುತ್ತಿನಲ್ಲಿ ನನ್ನ ಸರದಿ ಬಂದಾಗ ಉಳಿದಿದ್ದದ್ದು ಎರಡೇ ಹೆಸರು. ಒಂದು ಅವಳದು. ಇನ್ನೊಂದು ಆ ಚಳಿಗಾಲದಲ್ಲಿ ಊರಿಗೆ ಹೊಸದಾಗಿ ಬಂದಿದ್ದ, ಎತ್ತರದ, ಯಾವತ್ತೂ ಆಡದಿದ್ದ ಹುಡುಗಿಯದು. ಬೆಳಿಗ್ಗೆ ಅವಳು ಒಂದೇ ಒಂದು ಚೆಂಡನ್ನು ಮೈದಾನದ ಆ ತುದಿಯಿಂದ ಈ ತುದಿಗೆ ಎಸೆದದ್ದನ್ನು ನಾನು ಗಮನಿಸಿದ್ದೆ. ಅಂಥ ತೋಳನ್ನು ಕಲಿಸಿ ತರಲಾಗದು.

ಹೆಂಡತಿಗೆ ಕೊಟ್ಟ ಮಾತು ನೆನಪಿತ್ತು. ಬಟ್ಟಲು ಹಿಡಿದು ನಿಂತ ಹುಡುಗಿಯೂ ನೆನಪಿದ್ದಳು. ಎಲ್ಲ ನೆನಪಿದ್ದೂ ನಾನು ಎತ್ತರದವಳ ಹೆಸರು ಹೇಳಿದೆ.

"ಹಾಗಾದರೆ ಉಳಿದದ್ದು ನನಗೆ," ಎಂದ ಆಮೇಲಿನ ಕೋಚು, ಪಿಜ್ಜಾದ ಕೊನೆಯ ಚೂರನ್ನು ಎತ್ತಿಕೊಳ್ಳುತ್ತ. ಎಲ್ಲರೂ ನಕ್ಕರು. ನಾನೂ ನಕ್ಕೆ.

ತಮ್ಮ ತಂಡದ ಮಕ್ಕಳಿಗೆ ಫೋನು ಮಾಡಿ ತಿಳಿಸುವುದು ಆಯಾ ಕೋಚಿನ ಕೆಲಸ. ಹಾಗಾಗಿ ನಾಲ್ಕು ಬಾಗಿಲು ಆಚೆಯ ಮನೆಗೆ ಸುದ್ದಿ ಹೋದದ್ದು ಅಪರಿಚಿತನೊಬ್ಬನ ಬಾಯಿಂದ. ಮರುದಿನ ಮಗಳು ಅವರ ಮನೆಯಿಂದ ಬಂದವಳು ಶೂ ಬಿಚ್ಚದೆ ನನ್ನೆದುರು ನಿಂತಳು.

"ಅಪ್ಪ, ಯು ಹ್ಯಾಡ್ ಅ ಪಿಕ್. ಅವಳು ಇನ್ನೂ ಇದ್ಲು, ಅಲ್ವಾ?"

"ಯಾರು ಹೇಳಿದ್ರು?"

"ಆ ಕೋಚ್ ಹೇಳಿದ್ರಂತೆ. ಶಿ ವಾಸ್ ದ ಲಾಸ್ಟ್ ಒನ್ ಅಂತ."

ತಂಡ ಕಟ್ಟುವುದೆಂದರೆ ಏನು, ಯಾಕೆ ಕೆಲವೊಮ್ಮೆ ಗಟ್ಟಿಮನಸ್ಸು ಬೇಕು ಎಂದು ಹೇಳಲು ಹೊರಟೆ. ಅವಳು ಕೇಳದೆ ಮಹಡಿ ಹತ್ತಿ ಹೋದಳು. ಮೂರು ವಾರ ನನ್ನೊಡನೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಭಾಯಿ ಮಾತ್ರ ಮೊದಲಿನ ಹಾಗೆಯೇ ಇದ್ದರು. ಕಸದ ಡಬ್ಬ ಹೊರಗಿಡುವಾಗ ಸಿಕ್ಕಿದರು. ನಾನೇ ತಡವರಿಸುತ್ತ ಮಾತು ತೆಗೆದೆ. ಅವರು ತಡೆದರು. "ಅದಕ್ಕೇನಾತ್ರಿ ಸರ, ಆಟ ಐತಿ. ನೀವು ತಂಡ ನೋಡಬೇಕಲ್ಲ." ನನ್ನ ಎದೆ ಹಗುರವಾಯಿತು. ಎಷ್ಟು ಸುಲಭದಲ್ಲಿ ಹಗುರವಾಯಿತು ಎಂದು ಈಗ ನಾಚಿಕೆಯಾಗುತ್ತದೆ.

ಫೆಬ್ರವರಿಯ ಮೊದಲ ಭಾನುವಾರ ಅವರು ನಮ್ಮ ಮನೆಗೆ ಬಂದರು. ಶರತ್ಕಾಲದಲ್ಲಿ ಒಯ್ದಿದ್ದ ನಮ್ಮ ಏಣಿಯನ್ನು ವಾಪಸು ತಂದಿದ್ದರು. ಗ್ಯಾರೇಜಿನ ಗೋಡೆಗೆ ಅದನ್ನು ಒರಗಿಸಿ, ಕೈಯೊರೆಸಿಕೊಂಡು, ಹವೆಯ ಮಾತಿನಷ್ಟೇ ಸಹಜವಾಗಿ ಹೇಳಿದರು: "ಬರೂ ತಿಂಗಳು ನಮ್ಮ ಟಿಕೆಟ್ ಆಗ್ಯಾವ್ರಿ."

"ರಜಾಕ್ಕಾ ಭಾಯಿ?"

"ಇಲ್ರಿ. ಕಂಪನಿ ಮುಚ್ಚೇತಿ. ಜನವರಿ ಮೊದಲ್ನೇ ವಾರದಾಗ ಎಲ್ಲಾರನ್ನೂ ಒಂದು ರೂಮಿನ್ಯಾಗ ಕರದು ಹೇಳಿಬಿಟ್ರು. ವೀಸಾ ಅವರದಽ ಅಲ್ಲೇನ್ರಿ, ಕೆಲಸ ಹೋದ್ರ ಅದೂ ಹೋತು. ಬ್ಯಾರೆ ಕಡೆ ಹುಡುಕೀನಿ, ಮೂರು ಕಡೆ ಮಾತೂ ಆಗಿತ್ತು. ಈಗ ಯಾರೂ ಫೋನ್ ಎತ್ತಂಗಿಲ್ಲ."

ನಾನು ಲೆಕ್ಕ ಹಾಕಿದೆ. ಜನವರಿಯ ಮೊದಲ ವಾರ. ಅಂದರೆ ಆ ಶನಿವಾರ ಬೆಳಿಗ್ಗೆ ಬೇಲಿಯಾಚೆ ನಿಂತು ನನಗೆ ಕೈ ಬೀಸಿದಾಗ ಅವರ ಕೆಲಸ ಹೋಗಿತ್ತು.

"ನನಗ್ಯಾಕೆ ಹೇಳಲಿಲ್ಲ ಭಾಯಿ?"

ಅವರು ಏಣಿಯನ್ನು ಸುಮ್ಮನೆ ಇನ್ನೊಮ್ಮೆ ಸರಿಯಾಗಿ ಒರಗಿಸಿದರು. "ಹೇಳಿದ್ರ ನೀವು ಕನಿಕರಕ್ಕ ಆಕಿನ್ನ ತಗೋತಿದ್ರಿ. ಆಕಿಗೆ ಅದು ಬ್ಯಾಡಾಗಿತ್ತು. ಈ ಸಲ ಆಡೂದು ಬ್ಯಾಡವಾ, ಹೆಂಗೂ ಹೊಂಟೀವಿ ಅಂತ ನಾ ಅಂದೆ. ಇಲ್ಲ ಅಬ್ಬಾ, ಒಂದು ತಿಂಗಳು ಪ್ರ್ಯಾಕ್ಟೀಸ್ ಇರತೈತಿ, ಅಷ್ಟರೆ ಗೆಳತ್ಯಾರ ಜೋಡಿ ಇರ್ತೀನಿ ಅಂದ್ಲು." ಏಣಿಯಿಂದ ಕೈ ತೆಗೆದು, "ಆಕಿಗೆ ಗೆಲ್ಲೂದು ಸೋಲೂದು ಏನೂ ಇರಲಿಲ್ರಿ," ಎಂದರು.

ಅವತ್ತೇ ಮಧ್ಯಾಹ್ನ ನಾನು ಆ ಇನ್ನೊಬ್ಬ ಕೋಚಿಗೆ ಫೋನು ಮಾಡಿದೆ. ಅದಲು ಬದಲಿಗೆ ನಿಯಮದಲ್ಲಿ ಅವಕಾಶವಿತ್ತು. ಎತ್ತರದವಳನ್ನು ತಗೊಳ್ಳಿ, ಇವಳನ್ನು ಕೊಡಿ ಎಂದೆ. ಅವನಿಗೆ ನನಗೆ ತಲೆ ಕೆಟ್ಟಿದೆ ಅನ್ನಿಸಿರಬೇಕು. ಆಮೇಲೆ ಹೇಳಿದ, "ಆ ಹುಡುಗಿ ಬರುವುದಿಲ್ಲ ಅಂತ ನಾನು ಮೊದಲು ಫೋನು ಮಾಡಿದಾಗಲೇ ಹೇಳಿಬಿಟ್ಟಳು. ಬಹಳ ಮರ್ಯಾದೆಯಿಂದ ಹೇಳಿದಳು. ನಿಮಗೆ ಬೇಕಾದರೆ ಕೇಳಿ ನೋಡಿ, ನನ್ನದೇನೂ ಅಡ್ಡಿಯಿಲ್ಲ, ಬದಲಿಗೆ ಯಾರನ್ನೂ ಕೊಡಬೇಕಾಗಿಲ್ಲ."

ಹಳೆಯ ತಂಡದ ಅವಳ ಅಂಗಿ ಇನ್ನೂ ನನ್ನ ಹತ್ತಿರವೇ ಇತ್ತು, ಒಗೆದು ಮಡಿಸಿಟ್ಟಿದ್ದೆ. ಅದನ್ನು ಹಿಡಿದು ಹೋಗಿ ಅವರ ಬಾಗಿಲು ತಟ್ಟಿದೆ. ಅವಳೇ ತೆರೆದಳು. ಹಿಂದೆ ಹಜಾರದ ತುಂಬ ರಟ್ಟಿನ ಪೆಟ್ಟಿಗೆಗಳು, ಗೋಡೆಯಲ್ಲಿ ಪಟಗಳು ಇದ್ದ ಕಡೆ ಮೊಳೆಗಳು.

"ಪುಟ್ಟಾ, ಬುಧವಾರ ನಮ್ಮ ಮೊದಲನೇ ಪ್ರ್ಯಾಕ್ಟೀಸು. ನೀನು ನಮ್ಮ ತಂಡದಲ್ಲೇ ಇದೀಯ ಈಗ. ನಾನು ಮಾತಾಡಿದೀನಿ."

ಅವಳು ಅಂಗಿಯನ್ನು ನೋಡಿದಳು. ಕೈ ಚಾಚಲಿಲ್ಲ.

"ನನಗೆ ಬೇಡ ಅಂಕಲ್."

ನನ್ನೊಡನೆ ಅವಳು ಇಂಗ್ಲಿಷ್ ಬೆರೆಸದೆ ಆಡಿದ ಮೊದಲ ಮಾತು ಅದು. ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಅಂಗಡಿಯಲ್ಲಿ ಚೀಲ ಬೇಕೇ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ಒಳಗಿನಿಂದ ಭಾಬಿ ಬಂದರು. "ಬರ್ರಿ ಅಣ್ಣಾರ, ಚಾ ಕುಡುದು ಹೋಗ್ರಿ" ಎಂದು ಪೆಟ್ಟಿಗೆಯೊಂದನ್ನು ಸರಿಸಿ ಕೂರಲು ಜಾಗ ಮಾಡಿದರು. ನಾನು ಚಹಾ ಕುಡಿದೆ. ಮಹಡಿ ಹತ್ತಿ ಹೋದ ಹುಡುಗಿ ಮತ್ತೆ ಇಳಿಯಲಿಲ್ಲ.

ಅವರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ನನ್ನ ವ್ಯಾನೇ ಹೋಯಿತು. ಅಷ್ಟು ಸಾಮಾನು ಹಿಡಿಸುವ ಗಾಡಿ ಆ ಸಾಲಿನಲ್ಲಿ ಬೇರೆ ಯಾರಲ್ಲೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರೂ ಹುಡುಗಿಯರು ತಲೆಗೆ ತಲೆ ತಾಗಿಸಿ ದಾರಿಯುದ್ದಕ್ಕೂ ಪಿಸುಮಾತಾಡಿದರು. ಬಲಗಡೆ ಕೊಲ್ಲಿಯ ನೀರು ಬೂದಿ ಬಣ್ಣದಲ್ಲಿ ಅಲುಗದೆ ಬಿದ್ದಿತ್ತು. ಆ ಕಾಲದಲ್ಲಿ ಟಿಕೆಟ್ ಇಲ್ಲದವರೂ ವಿಮಾನದ ಬಾಗಿಲವರೆಗೆ ಹೋಗಬಹುದಿತ್ತು. ಹೋದೆವು. ಭಾಯಿ ನನ್ನನ್ನು ಬಿಗಿಯಾಗಿ ತಬ್ಬಿಕೊಂಡರು. "ಹುಬ್ಬಳ್ಳಿಗೆ ಬರ್ರಿ ಸರ, ಮನಿಗೇ ಬರಬೇಕು, ಹೋಟೆಲ್ ಗೀಟೆಲ್ ಅನ್ನಬ್ಯಾಡ್ರಿ." ಹುಡುಗಿ ನನ್ನ ಹೆಂಡತಿಯ ಕೈ ಹಿಡಿದುಕೊಂಡಳು, ನನ್ನ ಮಗಳನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ನನಗೆ "ಥ್ಯಾಂಕ್ಯೂ ಫಾರ್ ದ ರೈಡ್" ಎಂದಳು.

ಆ ವರ್ಷ ನಾವು ಹತ್ತು ಆಟ ಗೆದ್ದೆವು. ನಾನು ಕಟ್ಟಿದ ತಂಡ ಒಳ್ಳೆಯ ತಂಡವೇ ಆಗಿತ್ತು. ಎತ್ತರದವಳ ತೋಳಿನ ಬಗ್ಗೆ ನಾನು ಎಣಿಸಿದ್ದು ಸರಿಯಾಗಿತ್ತು. ಕೋಚಮ್ಮ ಊರುಗೋಲು ಹಿಡಿದು ಒಂದು ಆಟಕ್ಕೆ ಬಂದಿದ್ದರು. ಬೆಂಚಿನ ಮೇಲೆ ಆ ತುದಿಯಿಂದ ಈ ತುದಿಗೆ ಕಣ್ಣಾಡಿಸಿ, "ಅವಳೆಲ್ಲಿ?" ಎಂದರು. ಹೇಳಿದೆ, ಎಲ್ಲವನ್ನೂ, ಪಿಜ್ಜಾ ಅಂಗಡಿಯದನ್ನೂ. ಅವರು ಅರ್ಧ ಆಟಕ್ಕೇ ಎದ್ದು, ಮಂಡಿ ನೋಯುತ್ತಿದೆ ಎಂದು ಹೊರಟರು. ಸೀಸನ್ ಮುಗಿದ ಮೇಲೆ ಮಗಳು ಇನ್ನು ಆಡುವುದಿಲ್ಲ ಎಂದಳು. ನಾನೂ ಲೀಗಿಗೆ ಹಾಗೆಯೇ ಬರೆದುಕೊಟ್ಟೆ. ಚಳಿಗಾಲದ ಹೊತ್ತಿಗೆ ನಮ್ಮ ಆಫೀಸಿನಲ್ಲೂ ಕುರ್ಚಿಗಳು ಖಾಲಿಯಾಗುತ್ತ ಬಂದವು. ನನ್ನದು ಹೇಗೋ ಉಳಿಯಿತು.

ಭಾಯಿ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ತರಗತಿ ತೆರೆದರೆಂದು ತಿಳಿಯಿತು. ಮೊದಮೊದಲು ಹಬ್ಬಕ್ಕೊಮ್ಮೆ ನಾನೇ ಫೋನು ಮಾಡುತ್ತಿದ್ದೆ. ಹುಡುಗಿಯನ್ನು ಕೇಳಿದರೆ ಟ್ಯೂಷನ್ನಿಗೆ ಹೋಗ್ಯಾಳ್ರಿ, ಸ್ನಾನಕ್ಕ ಹೋಗ್ಯಾಳ್ರಿ ಎನ್ನುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟೆ.

ಹಲವು ವರ್ಷಗಳ ಮೇಲೆ ಅವಳ ಮದುವೆಯ ಕಾಗದ ಬಂತು. ದಪ್ಪ ಲಕೋಟೆ, ಮೇಲೆ ಕೈಬರಹದಲ್ಲಿ ನನ್ನ ಮಗಳ ಹೆಸರು ಮಾತ್ರ. ನಮ್ಮಲ್ಲಿ ಮದುವೆಗೆ ಕರೆದರೆ ಮನೆಮಂದಿಯನ್ನೆಲ್ಲ ಕರೆಯುತ್ತಾರೆ, ಅವರಲ್ಲಿಯೂ ಹಾಗೆಯೇ. "ಹುಡುಗರು ತಾವೇ ಕಳಿಸಿರ್ತಾರೆ ಬಿಡಿ, ಮರ್ತಿರ್ತಾರೆ," ಎಂದಳು ಹೆಂಡತಿ. ಮಗಳು ರಜೆ ಹಾಕಿ ಹೋಗಿ ಬಂದಳು. ಬಂದ ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಊಟ, ನೆಂಟರು, ಮದುಮಗಳ ಸೀರೆ ಎಲ್ಲವನ್ನೂ ವರ್ಣಿಸಿದಳು. ಭಾಯಿ ನನ್ನ ಬಗ್ಗೆ ಎರಡೆರಡು ಸಲ ಕೇಳಿದರಂತೆ, ಸರ ಹೆಂಗದಾರ ಎಂದು.

"ಅವಳು?" ಎಂದೆ.

ಮಗಳು ಲೋಟವನ್ನು ಸಿಂಕಿನಲ್ಲಿಟ್ಟು ನಲ್ಲಿ ಬಿಟ್ಟಳು.

"ಅವಳು ಕೇಳ್ಲಿಲ್ಲ ಅಪ್ಪ."